ಫೋನಿಗೆ ಹೇಳಿದ ಹೆಸರು

ನಮ್ಮ ಮನೆಯಲ್ಲಿ ಜಗತ್ತು ದಿನಾ ಬೆಳಿಗ್ಗೆ ಬದಲಾಗುತ್ತದೆ. ನಾನು ರೊಟ್ಟಿ ಬಡಿಯಲು ಕೂತಾಗ ಶುರುವಾಗಿ, ಹಂಚು ಇಳಿಸುವ ಹೊತ್ತಿಗೆ ಪೂರಾ ಬದಲಾಗಿ ಮುಗಿದಿರುತ್ತದೆ. ಮಗಳ ಮಗ ನಮ್ಮ ಹತ್ತಿರವೇ ಇದ್ದು ಸಿಂಧನೂರಿನಲ್ಲಿ ಡಿಗ್ರಿ ಓದುತ್ತಾನೆ. ಅವನು ಚಹಾದ ಜೊತೆ ಫೋನಿನಲ್ಲಿ ಬಂದ ಸುದ್ದಿಯನ್ನು ತನ್ನ ಮುತ್ಯಾನಿಗೆ, ಅಂದರೆ ನನ್ನ ಗಂಡನಿಗೆ, ಓದಿ ಹೇಳುತ್ತಾನೆ.

“ಮುತ್ಯಾ, ಇನ್ನ ಮುಂದ ಯಂತ್ರಾನ ಡಾಕ್ಟರ್ ಆಗ್ತೈತಂತ. ನಾವು ಮನಸಿನ್ಯಾಗ ಅಂದ್ಕೊಂಡಿದ್ದು, ಹೇಳದನ ತಿಳಕೋತೈತಂತ.”

“ಭಾರಿ ಐತಲೇ!” ಅನ್ನುತ್ತಾರೆ ಇವರು. ಇವರಿಗೆ ಎಲ್ಲವೂ ಭಾರಿಯೇ.

“ಮನಸಿನ್ಯಾಗಿಂದು ತಿಳಕೊಳ್ಳೋದು ಇರ್ಲಿ. ನಿನ್ನೆ ಕರೆಂಟ್ ಹೋದಕೂಡ್ಲೆ ಅದರ ನೆಟ್ ಯಾಕ ಹೋತು, ಅದನ್ನ ಕೇಳು,” ಅನ್ನುತ್ತೇನೆ ನಾನು. ಆ ಸುದ್ದಿ ಯಾರೂ ಓದುವುದಿಲ್ಲ.

ನಾನು ಕಲಿತದ್ದು ಮೂರನೇ ಇಯತ್ತೆ. ಕನ್ನಡವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತೇನೆ, ಹೀಗೆ ಬರೆಯುತ್ತೇನೆ. ಇಂಗ್ಲಿಷ್ ಅಕ್ಷರ ನನ್ನ ಕಣ್ಣಿಗೆ ಇರುವೆ ಸಾಲು. ಆದರೂ ಫೋನಿನ ಸುಖ ನನಗೂ ಗೊತ್ತು. ಮೊದಲು ಸಿಲಿಂಡರ್ ಬರದಿದ್ದರೆ ಅಂಗಡಿಗೆ ಹೋಗಿ ಬೈದು ಬರಬೇಕಾಗಿತ್ತು. ಈಗ ಮನೆಯಲ್ಲೇ ಕೂತು ಬೈಯಬಹುದು. ಅತ್ತ ಕಡೆ ಒಬ್ಬ ಹೆಣ್ಣುಮಗಳು ಕನ್ನಡಕ್ಕೆ ಒಂದು ಒತ್ತಿ, ದೂರಿಗೆ ಐದು ಒತ್ತಿ ಎಂದು ಹೇಳುತ್ತಲೇ ಇರುತ್ತಾಳೆ. ಎಷ್ಟು ಬೈದರೂ ಆಕೆಗೆ ಸಿಟ್ಟು ಬರುವುದಿಲ್ಲ. ಸಿಟ್ಟೇ ಬರದವರಿಗೆ ಬೈದು ಏನು ಬಂತು!

ಇವರ ಬಲಗಣ್ಣಿಗೆ ಪೊರೆ ಬಂದು ಬಹಳ ದಿನವಾಗಿತ್ತು, ಎಡಗಣ್ಣು ಮೊದಲೇ ಮಂಜು. ಚಹಾಕ್ಕೆ ಉಪ್ಪು ಹಾಕಿಕೊಂಡು ಕುಡಿದು, ನನ್ನ ಕೈಗುಣ ಕೆಟ್ಟಿದೆ ಅಂದರು. ಪಕ್ಕದ ಮನೆಯ ಎಮ್ಮೆಯನ್ನು ನಮ್ಮದೆಂದು ಹೊಡೆದುಕೊಂಡು ಬಂದು ಕಟ್ಟಿ ಹಾಕಿದರು. ಹೋದ ಸಲದ ಕಣ್ಣಿನ ಶಿಬಿರದಲ್ಲಿ ಶುಗರ್ ಹೆಚ್ಚಿದೆ, ಆಪರೇಶನ್ ಬೇಡ ಎಂದು ತಿರುಗಿ ಕಳಿಸಿದ್ದರು. ಈ ಸಲ ಶುಗರ್ ಹದಕ್ಕೆ ಬಂದಿತ್ತು. “ಪೊರೆ ಹಣ್ಣಾಗಿದೆ, ಇನ್ನೊಂದು ಶಿಬಿರದ ತನಕ ಕಾಯಬೇಡಿ, ಒಡೆದರೆ ಆ ಕಣ್ಣು ಹೋದಂತೆ,” ಎಂದು ಡಾಕ್ಟರು ಸ್ಪಷ್ಟ ಹೇಳಿದ್ದರು. ಶಿಬಿರ ಇದ್ದದ್ದು ಲಿಂಗಸುಗೂರಿನಲ್ಲಿ.

ಆ ದಿನ ಮೊಮ್ಮಗನಿಗೆ ಪರೀಕ್ಷೆ. ಮುತ್ಯಾನನ್ನು ಲಿಂಗಸುಗೂರು ಬಸ್ಸಿನಲ್ಲಿ ಕೂಡಿಸಿ, ಗುಂಡಿ ಇರುವ ನಮ್ಮ ಹಳೇ ಫೋನನ್ನು ಅವರ ಜೇಬಿಗೆ ಹಾಕಿ ಮನೆಗೆ ಬಂದ. ತನ್ನ ದೊಡ್ಡ ಫೋನನ್ನು ಗೂಡಿನಲ್ಲಿಟ್ಟು, “ಆಯಿ, ಇದನ್ನ ಪರೀಕ್ಷಿ ಒಳಗ ಬಿಡಂಗಿಲ್ಲ. ಮುಟ್ಟಬ್ಯಾಡ,” ಎಂದು ಹೇಳಿ ಹೋದ.

ಅವನು ಓಣಿ ದಾಟುವುದರೊಳಗೆ ಅದು ಟುಂಗ್ ಅಂತು. ಮುಟ್ಟಿದೆ. ಅದರ ಬೀಗ ತೆಗೆಯುವುದು ನನಗೆ ಬರುತ್ತದೆ, ರಂಗೋಲಿ ಎಳೆದಂತೆ ಚುಕ್ಕಿಯಿಂದ ಚುಕ್ಕಿಗೆ ಬೆರಳು ಎಳೆಯುವುದು. ಕಣ್ಣಿನ ಶಿಬಿರದವರು ಫೋನಿನಲ್ಲಿ ಒಂದು ಗುಂಪು ಮಾಡಿದ್ದರು, ಅದರಲ್ಲಿ ಒಂದು ದನಿ ಬಂದಿತ್ತು. ಒತ್ತಿದೆ. “ಎಲ್ಲರ ಗಮನಕ್ಕೆ. ಇಂದಿನ ಶಿಬಿರ ಲಿಂಗಸುಗೂರಿನಲ್ಲಿ ಇರುವುದಿಲ್ಲ. ಮಸ್ಕಿಯಲ್ಲಿ ಇರುತ್ತದೆ. ಹತ್ತೂವರೆಯೊಳಗೆ ಬಂದವರಿಗೆ ಮಾತ್ರ. ಧನ್ಯವಾದ.” ಬಸ್ಸು ಹತ್ತಿದ ಮೇಲೆ ಊರು ಬದಲಾಗಿದೆ ಎಂದು ಹೇಳಿ, ಮೇಲೆ ಧನ್ಯವಾದ ಬೇರೆ! ಉತ್ತರ ಕೊಡೋಣವೆಂದರೆ, ಆ ಗುಂಪಿನಲ್ಲಿ ಹೇಳುವುದು ಅವರು ಮಾತ್ರ, ನಮಗೆ ಕೇಳುವ ಸೌಕರ್ಯ ಅಷ್ಟೇ.

ಲಿಂಗಸುಗೂರು ಬಸ್ಸು ಮಸ್ಕಿಯ ಮೇಲೆಯೇ ಹೋಗುತ್ತದೆ. ಅಲ್ಲಿ ಇಳಿಯಿರಿ ಎಂದರೆ ಮುಗಿಯಿತು. ಹೇಳುವುದು ಹೇಗೆ?

ಫೋನಿನಲ್ಲಿ ಹೆಸರುಗಳೆಲ್ಲ ಇರುವೆ ಸಾಲು. ಮಗಳ ಫೋಟೋ ಒಂದು ಕಂಡಿತು, ಒತ್ತಿದೆ. ಅವಳ ಫೋನು ಅವಳ ಊರು ವಳಕಮದಿನ್ನಿಯಲ್ಲಿ ಬಡಕೊಂಡು ಬಡಕೊಂಡು ಸುಮ್ಮನಾಯಿತು. ಮಗಳು ಮೊಣಕಾಲುದ್ದ ಕೆಸರಿನಲ್ಲಿ ಭತ್ತ ನಾಟಿ ಮಾಡುತ್ತಿರಬೇಕು, ಫೋನು ಮನೆಯಲ್ಲಿ ನೆರಳಿಗೆ ಮಲಗಿರಬೇಕು.

ಉಳಿದದ್ದು ಮೈಕಿನ ಗುರುತು. ಅದನ್ನು ಒತ್ತಿ ಮಾತಾಡಿದರೆ ಫೋನೇ ಎಲ್ಲ ಮಾಡುತ್ತದೆ. ಒತ್ತಿ, “ನಮ್ಮ ಮನಿಯವರಿಗೆ ಫೋನ್ ಮಾಡು,” ಅಂದೆ. ಅದು ಬಾಡಿಗೆ ಮನೆಗಳನ್ನು ತೋರಿಸಿತು. ಮೂರು ಅಂತಸ್ತಿನವೂ ಇದ್ದವು.

ಹೆಸರು ಹೇಳಿದರೆ ಮುಗಿಯುತ್ತಿತ್ತು. ಆದರೆ ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಾದಾಗಿನಿಂದ ನಾನು ಹೇಳಿಲ್ಲ. ಅದು ದೇವರ ಹೆಸರೂ ಹೌದಾದ್ದರಿಂದ, ಗುಡಿಗೆ ಹೋದಾಗ ದೇವರನ್ನೂ “ಏನಪಾ ನೀನು” ಎಂದೇ ಮಾತಾಡಿಸುತ್ತೇನೆ. ಭಕ್ತಿ, ಪ್ರೀತಿ ಎಂದೆಲ್ಲ ಯಾರೂ ತಿಳಿಯಬೇಡಿ. ರೂಢಿ, ಅಷ್ಟೇ. ಮುರಿದರೆ ಏನಾಗುತ್ತದೆ ಎಂದು ನೋಡಿದವರಿಲ್ಲ, ನೋಡುವ ಪುರಸೊತ್ತೂ ನನಗೆ ಇರಲಿಲ್ಲ.

ಪಕ್ಕದ ಮನೆಯ ಸೊಸೆಯನ್ನು ಗೋಡೆಯ ಮೇಲಿಂದ ಕರೆದೆ. ಫೋನು ಕೈಗೆ ಕೊಟ್ಟು, “ನಿಮ್ಮ ಕಾಕಾನ ಹೆಸರ ಇದಕ್ಕ ಒಂದೀಟು ಹೇಳವಾ,” ಅಂದೆ.

“ಕಾಕಾನ ಹೆಸರ ನನಗೇನು ಗೊತ್ರಿ ಕಾಕಿ? ಕಾಕಾ ಅಂದ್ರ ಕಾಕಾ.”

“ಮಸ್ಕಿ ಗುಡ್ಡದ ಮ್ಯಾಲ ಅದಾನಲ್ಲ, ಆ ದೇವರದು.”

ಅವಳು ಬಾಯಿ ತೆರೆದವಳು ಹಾಗೇ ಮುಚ್ಚಿದಳು. “ಅಯ್ಯ! ನಮ್ಮ ಮಾವನ ಹೆಸರೂ ಅದ ಐತ್ರಿ! ನಾ ಹೆಂಗ ಹೇಳ್ಲಿ?”

ಇದು ನಮ್ಮ ಕಡೆಯ ಭಾಗ್ಯ. ಓಣಿಯಲ್ಲಿ ಮನೆಗೊಬ್ಬ ಗಂಡಸಿಗೆ ಅದೇ ಹೆಸರು. ಉಳಿದ ಮನೆಗಳವರೆಲ್ಲ ನಾಟಿಗೆ ಹೋಗಿದ್ದರು. ನಾವಿಬ್ಬರೂ ಆ ಫೋನನ್ನು ಹಾವು ನೋಡಿದಂತೆ ನೋಡುತ್ತ ನಿಂತೆವು. ಬಸ್ಸು ನಮಗಾಗಿ ನಿಂತಿರಲಿಲ್ಲ.

“ಒಡಪು ಹಾಕಿ ಹೇಳ್ರಿ ಕಾಕಿ,” ಅಂದಳು ಅವಳು. “ಒಡಪಿನ್ಯಾಗ ಹೇಳಿದ್ರ ನಡೀತೈತಲ್ಲ.”

ಹುಡುಗಿ ಹೇಳಿದ್ದು ಖರೇ. ಮದುವೆ, ಸೀಮಂತದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಕೇಳಿದರೆ, ನಾಲ್ಕು ಸಾಲು ಪ್ರಾಸ ಹೊಂದಿಸಿ, ಕೊನೆಗೆ ಹೆಸರು ಸೇರಿಸಿ ಹೇಳುತ್ತೇವೆ. ಅದೇ ಒಡಪು. ಅದಕ್ಕೆ ದೋಷವಿಲ್ಲ. ನಾನು ಸೆರಗು ಸರಿಮಾಡಿಕೊಂಡು ಮೈಕು ಒತ್ತಿದೆ.

“ಹಿತ್ತಲಾಗ ಹಚ್ಚೀನಿ ಹೀರಿಕಾಯಿ ಬಳ್ಳಿ, ಮಾಳಗಿ ಮ್ಯಾಲ ಒಣಗಾಕತ್ತೈತಿ ಬೆಳ್ಳುಳ್ಳಿ, ಇವರು ಬಂದು ಕುಂತಾರ ಬಾಗಲದಾಗ, ಇವರ ಹೆಸರ ಹೇಳ್ತೀನಿ ಮಂದ್ಯಾಗ...”

ಪ್ರಾಸಕ್ಕೆ ಉಸಿರು ತೆಗೆದುಕೊಂಡೆನಲ್ಲ, ಅಷ್ಟಕ್ಕೇ ಫೋನು ನನ್ನ ಮಾತು ಮುಗಿಯಿತು ಎಂದು ತಿಳಿದುಕೊಂಡಿತು. ಹೆಸರು ನನ್ನ ಬಾಯಲ್ಲೇ ಉಳಿಯಿತು. ಅದು ಹೀರೇಕಾಯಿ ಬೀಜ ತೋರಿಸಿತು, ಇವತ್ತು ತರಿಸಿದರೆ ಸಾಗಣೆ ಪುಕ್ಕಟೆಯಂತೆ.

“ಒಡಪು ಮಾತ್ರ ಚಂದ ಐತ್ರಿ ಕಾಕಿ,” ಅಂದಳು ಹುಡುಗಿ. “ಬರೋ ಸೋಮವಾರ ನನಗೂ ಒಂದು ಕಟ್ಟಿ ಕೊಡ್ರಿ, ನಮ್ಮ ತಂಗಿ ಸೀಮಂತ ಐತಿ.”

“ನಿನಗ ಕಟ್ಟಿ ಕೊಡೋತನಕ ಅಲ್ಲಿ ಒಂದು ಕಣ್ಣು ಹೋಗಿರ್ತೈತಿ. ಸುಮ್ನಿರು ಬೇ!”

ನಾಳೆ ಚಹಾಕ್ಕೆ ಉಪ್ಪು ಹಾಕಿಕೊಳ್ಳುವವರು ಅವರು, ಬೈಸಿಕೊಳ್ಳುವವಳು ನಾನು, ಸಾಯುವ ತನಕ. ಮೈಕು ಒತ್ತಿದೆ. ಒಡಪಿಲ್ಲ, ಪ್ರಾಸವಿಲ್ಲ, ಸೆರಗಿಲ್ಲ. ಬರೀ ಹೆಸರನ್ನು, ರೇಡಿಯೋದವರಂತೆ ಸ್ಪಷ್ಟವಾಗಿ, ಜೋರಾಗಿ ಹೇಳಿದೆ. ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡಳು.

ಆಕಾಶ ಬೀಳಲಿಲ್ಲ. ಫೋನು ಒಂದು ಕ್ಷಣ ಯೋಚಿಸಿತು. ಆ ಹೆಸರಿನವರು ತನ್ನಲ್ಲಿ ಯಾರೂ ಇಲ್ಲ ಎಂದು ಹೇಳಿ, ಅದೇ ದೇವರ ಭಜನೆಯೊಂದನ್ನು ತಾಳ ಡೊಳ್ಳಿನ ಸಮೇತ ಹಚ್ಚಿತು. ಇಡೀ ಜನ್ಮ ಕಾಯ್ದಿಟ್ಟದ್ದು ಹೋಯಿತು, ಸಿಕ್ಕಿದ್ದು ಭಜನೆ.

ಆ ಗದ್ದಲದಲ್ಲೇ ಹುಡುಗಿ ಕೂಗಿದಳು. “ಕಾಕಿ, ಫೋನಿನ್ಯಾಗ ಹೆಸರ ಬರದಾಂವ ನಿಮ್ಮ ಮೊಮ್ಮಗ ಅಲ್ಲೇನ್ರಿ? ಆಂವ ಕಾಕಾಗ ಏನಂತಾನ?”

ನಾನು ಭಜನೆ ಬಂದ್ ಮಾಡಿ, “ಮುತ್ಯಾಗ ಫೋನ್ ಮಾಡು,” ಅಂದೆ.

ಮುತ್ಯಾಗೆ ಕರೆ ಮಾಡಲಾಗುತ್ತಿದೆ, ಅಂತು ಅದು. ಅಷ್ಟು ಸಸಾರ.

“ಯಾಕಲೇ, ಪರೀಕ್ಷಿ ಬಿಟ್ಟು ಫೋನ್ ಮಾಡಾಕತ್ತೀಯಲ್ಲ?” ಅಂದರು ಇವರು.

“ಆಂವಲ್ಲ, ನಾನು.”

“ನಾನಂದ್ರ ಯಾರು?”

“ಯಾರಿರ್ತಾರ! ಬಸ್ ಎಲ್ಲಿ ಐತಿ?”

“ಮಸ್ಕಿ ದಾಟೇತಿ. ಸಂತೆಕಲ್ಲೂರು ಬಂತಂತ ಮಗ್ಗಲಿನವ ಹೇಳಾಕತ್ತಾನ.”

“ಅಲ್ಲೇ ಇಳೀರಿ! ಶಿಬಿರ ಮಸ್ಕ್ಯಾಗ ಐತಂತ. ಆಟೋ ಹಿಡಿದು ಹೊಳ್ಳಿ ಹೋಗ್ರಿ.”

“ಹಂಗ ಹೆಂಗ ಇಳೀಲಿ? ಲಿಂಗಸುಗೂರ ತನಕ ಟಿಕೆಟ್ ತಗೊಂಡೀನಿ!”

ಕಣ್ಣು ಹೋದರೂ ಟಿಕೆಟ್ಟು ದಂಡವಾಗಬಾರದು ಇವರಿಗೆ. ನಾನು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಬಸ್ಸಿನಲ್ಲಿದ್ದ ಮಂದಿಗೂ ಕೇಳಿರಬೇಕು, ಏಕೆಂದರೆ ಕಂಡಕ್ಟರ್ ಸೀಟಿ ಊದಿದ್ದು ನನಗೆ ಇಲ್ಲಿಗೆ ಕೇಳಿಸಿತು. ಇವರು ಇಳಿದು, ಮಂದಿ ತುಂಬಿದ ಆಟೋದಲ್ಲಿ ಒಂದು ಕಾಲು ಹೊರಗೆ ಹಾಕಿ ಮಸ್ಕಿ ಮುಟ್ಟಿದಾಗ ಶಿಬಿರದವರು ಹೆಸರು ಬರೆದುಕೊಳ್ಳುವ ಟೇಬಲ್ ಮಡಚುತ್ತಿದ್ದರಂತೆ. ಇವರೇ ಕೊನೆಯವರು.

ಪಟ್ಟಿ ಬಿಚ್ಚಿ ಒಂದಿಷ್ಟು ದಿನವಾದ ಮೇಲೆ ಇವರಿಗೆ ಗೋಡೆಯ ಬಿರುಕು, ನನ್ನ ಮುಖದ ಸುಕ್ಕು ಎಲ್ಲ ಕಾಣತೊಡಗಿದವು. ಎರಡನ್ನೂ ಎಣಿಸಿ ಹೇಳಿದರು. ಈಗ ಸುದ್ದಿ ಓದುವವರೂ ಇವರೇ. ಕರಿ ಕನ್ನಡಕ ಹಾಕಿಕೊಂಡು, ಮೊಮ್ಮಗನ ಫೋನು ಕಸಿದುಕೊಂಡು ಚಹಾದ ಮುಂದೆ ಕೂಡುತ್ತಾರೆ.

ಮೊನ್ನೆ ಬೆಳಿಗ್ಗೆ ಓದುವುದನ್ನು ನಿಲ್ಲಿಸಿ ಮೊಮ್ಮಗನನ್ನು ಕರೆದರು. “ಲೇ, ಇದೇನಲೇ? ತೆಗದಾಗೊಮ್ಮೆ ನನ್ನ ಹೆಸರಿನ ಭಜನಿ, ನನ್ನ ಹೆಸರಿನ ಗುಡಿ. ಇಲ್ಲಾಂದ್ರ ಹೀರಿಕಾಯಿ ಬೀಜ. ಇದಕ್ಕ ನನ್ನ ಹೆಸರ ಯಾರು ಹೇಳ್ಯಾರ?”

“ನಾ ಹೇಳಿಲ್ಲ ಮುತ್ಯಾ. ನಿನ್ನ ಹೆಸರ ಅದರಾಗ ಬರದ ಇಲ್ಲ.”

ಇವರು ಕನ್ನಡಕ ತೆಗೆದು ಹೊಸ ಕಣ್ಣಿನಿಂದ ನನ್ನ ಕಡೆ ನೋಡಿದರು. ನಾನು ರೊಟ್ಟಿ ತಿರುವಿ ಹಾಕಿದೆ.

“ನೀವ ಓದಿಸಿಕೊಂಡಿದ್ರಲ್ಲ,” ಅಂದೆ. “ಮನಸಿನ್ಯಾಗಿಂದು ಹೇಳದನ ತಿಳಕೋತೈತಂತ.”

“ಭಾರಿ ಐತಲೇ!” ಅಂದರು ಇವರು, ಮೊಮ್ಮಗನಿಗೆ.

ಗೋಡೆಯ ಆಚೆ ಎಮ್ಮೆ ಹಿಂಡುತ್ತಿದ್ದ ಹುಡುಗಿಗೆ ಜೋರು ಕೆಮ್ಮು ಬಂತು. ನಾನು ಹಂಚು ಇಳಿಸಿದೆ.