ನೀರುಗಂಟಿಯ ಉಂಬಳಿ

ಮಗಳು ಏನು ಓದುತ್ತಿದ್ದಾಳೆ ಎಂದು ಮಂಡ್ಯದಿಂದ ವಾಲ್ನಟ್ ಕ್ರೀಕಿನ ನಮ್ಮ ಮನೆಗೆ ಬಂದಿದ್ದ ಮಾವ ಕೇಳಿದರು. ಹಳೆಯ ಯುರೋಪಿನ ಪಾಠ, ದೊರೆ ನೈಟ್ ಎಂಬ ಕುದುರೆ ಸವಾರ ಯೋಧನಿಗೆ ಭೂಮಿ ಕೊಡುತ್ತಿದ್ದ, ನೈಟ್ ಅದಕ್ಕಾಗಿ ದೊರೆಯ ಪರ ಯುದ್ಧ ಮಾಡಬೇಕಿತ್ತು ಎಂದೆ.

"ಉಂಬಳಿ ಕಣವ್ವ. ನಮ್ಮಪ್ಪಂಗೂ ಇತ್ತು."

ಮಗಳು ತಲೆ ಎತ್ತಿದಳು. "ಸೋ, ಮುತ್ತಾತ ನೈಟಾ?"

"ನೀರುಗಂಟಿ. ಕೆರೆ ತೂಬು ಎತ್ತಿ, ಸರದಿ ಮೇಲೆ ಎಲ್ಲರ ಗದ್ದೆಗೂ ನೀರು ಬುಡೋರು. ಅದ್ಕೇ ಅಂತ ಒಂದು ತುಂಡು ಗದ್ದೆ ಕೊಟ್ಟಿದ್ರು."

ಮದುವೆಯಾಗಿ ಇಷ್ಟು ವರ್ಷವಾದರೂ ನನಗಿದು ಗೊತ್ತಿರಲಿಲ್ಲ. ಚಾಕರಿಯ ಜಮೀನು ಎಂದು ಹೇಳಿಕೊಳ್ಳಲು ಮಾವನಿಗೆ ನಾಚಿಕೆಯಂತೆ.

ಮಗಳಿಗೆ ಅದೆಲ್ಲ ಇರಲಿಲ್ಲ. ಟೀಚರನ್ನು ಕೇಳಿ, ಮುಂದಿನ ವಾರ ತಾತನನ್ನೇ ಕ್ಲಾಸಿಗೆ ಕರೆಸಿದಳು. ಮನೆಯಲ್ಲಿ ನಮಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಅಲ್ಲಿ ತಾತನ ಒಂದೊಂದು ಮಾತನ್ನೂ ಅನುವಾದಿಸಿದಳು. ತೂಬಿಗೆ ಮಾತ್ರ ಪದ ಸಿಗಲಿಲ್ಲ. ತಾತ ಎದ್ದು ನಿಂತು, ಎರಡೂ ಕೈಯಿಂದ ಎಳೆದು ತೋರಿಸಿದರು.

ಆಮೇಲೆ ಸರ್ಕಾರ ಉಂಬಳಿ ಪದ್ಧತಿಯನ್ನೇ ರದ್ದು ಮಾಡಿತು ಎಂದು ತಾತ ಹೇಳಿದಾಗ, ಆಗ ನಿಮ್ಮ ತಂದೆ ಏನು ಮಾಡಿದರು ಎಂದು ಟೀಚರ್ ಕೇಳಿದರು.

"ಗದ್ದೆ ನಮ್ಮ ಹೆಸರಿಗೇ ಆಯ್ತು, ಚಾಕರಿ ಮಾಡ್ಲೇಬೇಕು ಅಂತ ಇರ್ಲಿಲ್ಲ. ಆದ್ರೂ ಅಪ್ಪ ಮಾರನೇ ಬೆಳಗ್ಗೇನೂ ತೂಬಿನ ಹತ್ರ ಹೋದ್ರು. ಹೋಗ್ದಿದ್ರೆ ಊರ ಭತ್ತ ಒಣಗ್ತಿತ್ತಲ್ಲ."

ಫ್ರೀವೇಯಲ್ಲಿ ಮನೆಗೆ ಬರುವಾಗ, ಯಾರ ಗದ್ದೆಗೆ ಮೊದಲು ನೀರು, ಯಾರದಕ್ಕೆ ಆಮೇಲೆ ಎಂದು ಮಾವ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು.