ಅಮಾವಾಸ್ಯೆಯ ದಿನ ಕೇಳಿಸಿದ ಸಪ್ಪಳ

ಹೋದ ವಾರ ಕೆರೂರಿನ ಸಂತೆಯಲ್ಲಿ, ಮಾರಾಟಕ್ಕಿದ್ದ ಒಂದು ಹಳೆಯ ವ್ಯಾನಿನ ಬಾನೆಟ್ ಎತ್ತಿದಾಗ ಸುಟ್ಟ ಎಣ್ಣೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಸೀರೆ ಗಂಟುಗಳನ್ನು ಸಾಗಿಸಲು ನನಗೊಂದು ಗಾಡಿ ಬೇಕಿತ್ತು. ಮಾರುವವನು ಎಂಜಿನ್ನಿನ ಗುಣಗಾನ ನಡೆಸಿದ್ದ. ಸುತ್ತ ಉಳ್ಳಾಗಡ್ಡಿ ಕೂಗುವವರು, ಮೈಕು, ಬಸ್ಸಿನ ಹಾರ್ನು. ಗಾಡಿ ಚಾಲೂ ಇದೆ ಎನ್ನುವುದು ಅದರ ನಡುಕದಿಂದ ತಿಳಿಯಬೇಕು, ಅಷ್ಟು ಗದ್ದಲ. "ಸಂತಿ ದಿನಾನ ಬರ್ರಿ" ಎಂದು ಫೋನಿನಲ್ಲಿ ಒತ್ತಿ ಒತ್ತಿ ಹೇಳಿದ್ದ ಇವನೇ... ಅದು ಹೊಳೆದ ಕೂಡಲೇ ನನಗೆ ಇಳಕಲ್ಲಿನ ನಮ್ಮ ಓಣಿಯ ಆಪಾ ನೆನಪಾದರು.

ಆಪಾ ಎಂದರೆ ಅಕ್ಕ. ನಮ್ಮ ಮನೆಗೆ ಗೋಡೆ ಅಂಟಿಕೊಂಡ ಮನೆ ಅವರದು. ವಯಸ್ಸಿನಲ್ಲಿ ಹಿರಿಯಳಾದ ನಮ್ಮ ಅಜ್ಜಿಯೂ ಅವರನ್ನು ಆಪಾ ಎಂದೇ ಕರೆಯುತ್ತಿದ್ದಳು. ಸೀರೆಗೆ ಕುಚ್ಚು ಕಟ್ಟಿ ಬದುಕುತ್ತಿದ್ದರು. ಬಾಯಿ ಬಲು ಜೋರು. ಅವರು ಬೈದರೆ ನಮಗೆ ಊಟ ಮಾಡಿದಷ್ಟು ಸಮಾಧಾನ. ಅವರ ಗಂಡನನ್ನು ನಾವು ಭಾಯಿ ಎನ್ನುತ್ತಿದ್ದೆವು. ಜೀವಮಾನವೆಲ್ಲ ಲಾರಿ ಓಡಿಸಿದ ಮನುಷ್ಯನಿಗೆ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್ಸಿಗೆಂದು ಬಾಗಲಕೋಟೆಗೆ ಹೋಗಬೇಕಾಗಿತ್ತು. ಬರುವಾಗ ಬಸ್ಸಿನಲ್ಲಿ ಕುಳಿತುಕೊಳ್ಳಲೂ ಆಗದೆ ಆಪಾನ ಹೆಗಲ ಮೇಲೆ ಒರಗುತ್ತಿದ್ದರು. ಅದನ್ನು ನೋಡಲಾರದೆ ಆಪಾ ಬಳೆ ಮಾರಿ ಹಳೆಯ ವ್ಯಾನೊಂದನ್ನು ಕೊಂಡರು. ಪಕ್ಕದ ಸೀಟಿನಲ್ಲಿ ಕೂತು ಭಾಯಿಯೇ ಅವರಿಗೆ ಓಡಿಸಲು ಕಲಿಸಿದರು.

ಆ ವ್ಯಾನು ಮಾರಿದವನು ನಮ್ಮೂರ ಹೊರಗೆ ಹಳೆಯ ಗಾಡಿಗಳ ವ್ಯಾಪಾರ ಮಾಡುವವ. "ಪೇಷಂಟ್ ಅದಾರ, ನೀವ್ಯಾಕ ಬರ್ತೀರಿ, ನಾನ ನಿಮ್ಮ ಮನಿ ಮುಂದ ತರ್ತೇನಿ" ಎಂದಿದ್ದ. ಎಂಥ ಒಳ್ಳೆಯವನಪ್ಪಾ ಎಂದು ಓಣಿಗೆ ಓಣಿಯೇ ಹೊಗಳಿತು. ಅವನು ಬಂದದ್ದು ನಡುಹಗಲು, ಪ್ರತಿ ಮನೆಯಲ್ಲಿ ಮಗ್ಗ ಖಟ್ ಖಟ್ ಎನ್ನುವ ಹೊತ್ತು. ಹುನಗುಂದದ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿದಾಗ ಹಾಡು ಜೋರಾಗಿ ಹಚ್ಚಿದ್ದನಂತೆ. ಭಾಯಿ ಬಾನೆಟ್ಟಿಗೆ ಕಿವಿ ಕೊಟ್ಟು ಕೇಳಿದರು, ತಲೆಯಾಡಿಸಿದರು. ವ್ಯಾಪಾರ ಮುಗಿಯಿತು.

ನಮ್ಮ ಓಣಿಯಲ್ಲಿ ಮಗ್ಗ ನಿಲ್ಲುತ್ತಿದ್ದದ್ದು ಅಮಾವಾಸ್ಯೆಗೆ, ಇಲ್ಲವೇ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವವರೆಗೆ. ಬೇರೆ ದಿನ ನಿಲ್ಲಿಸಿದರೆ ಸಾವನ್ನು ಕರೆದಂತೆ ಎಂದು ಅಜ್ಜಿ ನಂಬಿದ್ದಳು. ವ್ಯಾನು ಬಂದ ಮೇಲಿನ ಮೊದಲ ಅಮಾವಾಸ್ಯೆಯ ಮುಂಜಾನೆ ಇಡೀ ಓಣಿ ತಣ್ಣಗಿತ್ತು. ಇದ್ದಕ್ಕಿದ್ದಂತೆ ಖಟ್... ಖಟ್... ಖಟ್. ಅಜ್ಜಿ ದಿಗ್ಗನೆ ಎದ್ದಳು.

"ಅಮಾಸಿ ದಿನ ಯಾರ ಮನ್ಯಾಗ ಮಗ್ಗ ನಡಸ್ಯಾರ?"

ಎಲ್ಲರೂ ಬೈಯಲು ಸಿದ್ಧರಾಗಿಯೇ ಹೊರಗೆ ಬಂದೆವು. ಮಗ್ಗ ಯಾರ ಮನೆಯಲ್ಲೂ ನಡೆದಿರಲಿಲ್ಲ. ಆಪಾ ಬಾಗಲಕೋಟೆಗೆ ಹೊರಡಲು ಗಾಡಿ ಚಾಲೂ ಮಾಡಿದ್ದರು. ಆ ಸಪ್ಪಳ ಎಂಜಿನ್ನಿನ ಒಳಗಿನಿಂದ ಬರುತ್ತಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ಭಾಯಿಯ ಮುಖ ಬಿಳುಚಿತು.

"ಬಂದ್ ಮಾಡ... ಒಳಗ ರಾಡ್ ಬಡೀಲಿಕ್ಕತ್ತೇತಿ, ಎಂಜಿನ್ ಹೋದಂಗ. ದಪ್ಪ ಎಣ್ಣಿ ಹಾಕಿ ಸಪ್ಪಳ ಮುಚ್ಯಾನ, ಈಗ ಎಣ್ಣಿ ತೆಳ್ಳಗಾಗೇತಿ. ಜಲ್ಮೆಲ್ಲಾ ಸ್ಟೇರಿಂಗ್ ಹಿಡದೇನಿ, ನನಗ ಕೇಳಸ್ಲಿಲ್ಲ ನೋಡ."

ಅಂದು ಅವರು ಬಸ್ಸಿಗೇ ಹೋದರು. ಮರುದಿನ ಆಪಾ ಮಾರಿದವನ ಹತ್ತಿರ ಹೋದಾಗ ಜೊತೆಗೆ ನಾನಿದ್ದೆ. ಅವನು ಹಲ್ಲು ಕಿಸಿದು, "ಅಕ್ಕಾರ, ಹಳೀ ಗಾಡಿ ಅಂದಮ್ಯಾಲ ಸಪ್ಪಳ ಇರೂದ. ಇದ್ದಂಗ ಕೊಟ್ಟೇನಿ" ಎಂದ.

"ಇದ್ದಂಗ ಕೊಟ್ಟಿದ್ರ ನಾ ಇಲ್ಲಿಗೆ ಬರ್ತಿದ್ದಿಲ್ಲ. ಇದ್ದದ್ದ ಮುಚ್ಚಿ ಕೊಟ್ಟೀರಿ" ಎಂದರು ಆಪಾ.

ಬಾಗಲಕೋಟೆಯ ವಕೀಲರೊಬ್ಬರು ದಾರಿ ತೋರಿಸಿದರು. ಹಳೆಯದನ್ನು ಕೊಂಡ ಮಾತ್ರಕ್ಕೆ ಗ್ರಾಹಕನ ಹಕ್ಕು ಹೋಗುವುದಿಲ್ಲ, ಇಷ್ಟು ದೊಡ್ಡ ದೋಷವನ್ನು ಗೊತ್ತಿದ್ದೂ ಮುಚ್ಚಿ ಮಾರಿದರೆ ಮಾರಿದವನೇ ಹೊಣೆ, ಗ್ರಾಹಕರ ಆಯೋಗಕ್ಕೆ ದೂರು ಕೊಡೋಣ ಎಂದರು. ಆದರೆ ತಜ್ಞರು ಬಂದು ನೋಡುವ ತನಕ ಎಂಜಿನ್ ಬಿಚ್ಚಬಾರದು, ಓಡಿಸಲೂಬಾರದು. ಬಿಚ್ಚಿದರೆ ನೀವೇ ಕೆಡಿಸಿದಿರಿ ಎಂದು ಅವನು ಜಾರಿಕೊಳ್ಳುತ್ತಾನೆ ಎಂದು ಎಚ್ಚರಿಸಿದರು.

ಹೀಗೆ ವ್ಯಾನು ಮನೆಯ ಮುಂದೆ ನಿಂತಿತು, ಭಾಯಿಗೆ ಮತ್ತೆ ಬಸ್ಸೇ ಗತಿಯಾಯಿತು. ನಮ್ಮವರಿಗೆ ಕೆಟ್ಟದ್ದನ್ನು ಕೆಟ್ಟಂತೆ ಬಿಟ್ಟು ಗೊತ್ತಿಲ್ಲ. ಎಂಜಿನ್ ಬಿಚ್ಚಲು ಪಾನಾ ಹಿಡಿದು ಬಂದವರನ್ನೆಲ್ಲ ಆಪಾ ಗದರಿಸಿ ಕಳಿಸುತ್ತಿದ್ದರು. ನೋಟಿಸು ಮುಟ್ಟಿದ ಮೇಲೆ ಮಾರಿದವನೂ ಸಿಹಿ ಹಿಡಿದು ಬಂದ. ಗಾಡಿ ನನ್ನ ಗ್ಯಾರೇಜಿಗೆ ಕೊಡಿ, ಪುಕ್ಕಟೆ ಸರಿ ಮಾಡಿಕೊಡುತ್ತೇನೆ ಎಂದ. ಆಪಾ ಒಳಗಿದ್ದ ಗಂಡನ ಕಡೆ ನೋಡಿದರು. ಹೂಂ ಅಂದರೆ ಮುಂದಿನ ವಾರ ಅವರು ಮಲಗಿಕೊಂಡು ಹೋಗಿಬರಬಹುದಿತ್ತು. ಭಾಯಿ ಬೇಡವೆಂದು ಕೈಯಾಡಿಸಿದರು. ಹೋಗುವಾಗ ಆ ಮನುಷ್ಯ ವ್ಯಾನಿನ ಮೇಲೆ ಕೈಯಾಡಿಸುತ್ತಾ, "ಕೇಸು ಭಾಳ ದಿನ ನಡೀತಾವರೀ, ಅಲ್ಲೀತನಾ ಪೇಷಂಟ್ ತಡೀಬೇಕಲ್ಲ" ಎಂದ. ಅವನು ನಗುತ್ತಲೇ ಹೇಳಿದ. ಆ ನಗು ನನಗೆ ಇವತ್ತಿಗೂ ಮೈ ಉರಿಸುತ್ತದೆ.

ಆಯೋಗ ನೇಮಿಸಿದ ತಜ್ಞರು ಕೊನೆಗೂ ಬಂದಾಗ ಅದು ಕೆಲಸದ ದಿನ. ಅವರು ಗಾಡಿ ಚಾಲೂ ಮಾಡಿಸಿ, ಈ ಗದ್ದಲದಲ್ಲಿ ಏನು ಕೇಳಲಿ ಎಂದರು. ಆಪಾ ಓಣಿಯ ನಡುವೆ ನಿಂತು ಕೂಗಿದರು: "ಒಂದೀಟ ನಿಲ್ಲಸ್ರೋ ಯಪ್ಪಾ..." ಒಂದೊಂದೇ ಮನೆ ಸುಮ್ಮನಾಗುತ್ತಾ ಬಂತು. ಅಜ್ಜಿ ನನ್ನ ರಟ್ಟೆ ಹಿಡಿದಳು. "ಅಮಾಸಿ ಅಲ್ಲ, ಹೆಣ ಬಿದ್ದಿಲ್ಲ. ನೀ ನಿಲ್ಲಸಬ್ಯಾಡ." ನಾನು ನಮ್ಮ ಮಗ್ಗ ನಿಲ್ಲಿಸಿದೆ. ಆ ಮೌನದಲ್ಲಿ ಖಟ್ ಖಟ್ ಎಂಬ ಸಪ್ಪಳ ಗೋಡೆಗೋಡೆಗೆ ಬಡಿಯಿತು. ತಜ್ಞರು ಬರೆದುಕೊಂಡರು. ಭಾಯಿ ಮಾತ್ರ, "ಈಗರ ಎಲ್ಲಾರಿಗೂ ಕೇಳಸ್ತಲ್ಲ" ಎಂದು ಕಣ್ಣು ಮುಚ್ಚಿದರು.

ಆ ತಿಂಗಳು ತುಂಬುವ ಮೊದಲೇ, ಬಾಗಲಕೋಟೆಯಿಂದ ಮರಳುವಾಗ, ಶಿರೂರು ದಾಟಿದ ಮೇಲೆ ಬಸ್ಸಿನಲ್ಲೇ ಭಾಯಿ ಹೋದರು. ಹುನಗುಂದ ಬರುವವರೆಗೂ ಅವರು ನಿದ್ದೆ ಹೋಗಿದ್ದಾರೆಂದೇ ಆಪಾ ತಿಳಿದಿದ್ದರಂತೆ. ಓಣಿಯ ಮಗ್ಗಗಳು ಮತ್ತೆ ನಿಂತವು. ಅಜ್ಜಿ ನನಗೆ ಒಂದು ಮಾತೂ ಅನ್ನಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಆದೇಶ ಆಪಾನ ಪರವಾಗಿಯೇ ಬಂತು. ಗಾಡಿ ವಾಪಸು ತೆಗೆದುಕೊಂಡು ದುಡ್ಡು ಮರಳಿಸಬೇಕೆಂದು ಆಯೋಗ ಹೇಳಿತು. ಮಾರಿದವನ ಆಳುಗಳು ಬಂದು ವ್ಯಾನು ಚಾಲೂ ಮಾಡಿದ್ದು ನಡುಹಗಲು. ಮಗ್ಗಗಳೆಲ್ಲ ನಡೆದಿದ್ದವು. ಆದರೂ ಅಷ್ಟರ ನಡುವೆ ಆ ಸಪ್ಪಳ ನಮಗೆಲ್ಲ ಬೇರೆಯಾಗಿ ಕೇಳಿಸಿತು. ಅದು ತಿರುವು ದಾಟುವವರೆಗೂ ಆಪಾ ಬಾಗಿಲಲ್ಲಿ ನಿಂತಿದ್ದರು.

"ಗೆದ್ದಿ ಅನಬ್ಯಾಡ ತಮ್ಮಾ" ಎಂದರು ನನಗೆ. "ಅದು ಇನ್ನ ಯಾರ ಮನಿ ಮುಂದ ಹೋಗಿ ನಿಲ್ತೈತೋ..."

ಆಪಾ ತೀರಿಕೊಂಡು ಈಗ ಒಂದು ವರ್ಷದ ಮೇಲಾಯಿತು. ಕೆರೂರಿನ ಸಂತೆಯಲ್ಲಿ ನಿಂತು ನಾನು ಅವರಿಗೆ ಫೋನ್ ಮಾಡಲೆಂದು ಜೇಬಿಗೆ ಕೈ ಹಾಕಿದೆ, ಆಮೇಲೆ ನೆನಪಾಯಿತು. ವ್ಯಾನಿಗೆ ಹೊಸ ಬಣ್ಣ ಬಳಿದಿದ್ದರು. ಅದೇ ಗಾಡಿಯೋ ಅಲ್ಲವೋ ನಾನು ಹೇಳಲಾರೆ.

"ಬಂದ್ ಮಾಡ್ರಿ" ಎಂದೆ. "ಸಂತಿ ಮುಗೀಲಿ. ಎಲ್ಲಾರೂ ಹ್ವಾದ ಮ್ಯಾಲ ಚಾಲೂ ಮಾಡೂಣು."

ಮಾರುವವನು ಬಾನೆಟ್ ಮುಚ್ಚಿ ಗಾಡಿ ಬಂದ್ ಮಾಡಿದ. ನಾನು ಎದುರಿನ ಚಹಾದಂಗಡಿಯ ಬಾಕಿನ ಮೇಲೆ ಕುಳಿತು, ಸಂತೆ ಕರಗುವುದನ್ನು ಕಾಯತೊಡಗಿದೆ.