ಓಣಿಗೆಲ್ಲ ಒಂದೇ ಫೋನು

ಕುರುಗೋಡಿನ ನಮ್ಮ ಮನೆಯ ಫೋನು ಹೆಸರಿಗಷ್ಟೇ ನಮ್ಮದು. ಓಣಿಯ ಯಾರಿಗೆ ಕರೆ ಬಂದರೂ ಅವ್ವ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದಳು. ಕರೆಗಾಗಿ ಕಾಯುವವರೂ ಯಾರನ್ನೂ ಕೇಳುತ್ತಿರಲಿಲ್ಲ. ಸೀದಾ ಪಡಸಾಲೆಗೆ ಬಂದು, ರಿಸೀವರ್ ಎತ್ತಿ ಟೋನ್ ಇದೆಯೋ ಇಲ್ಲವೋ ನೋಡಿ, ನೀರು ಕುಡಿದು ಹೋಗುತ್ತಿದ್ದರು.

ಅದಿರಿನ ಅಬ್ಬರದ ಕಾಲ ಅದು. ನಾನು ಬಳ್ಳಾರಿಯ ಲಾರಿ ಆಫೀಸೊಂದರಲ್ಲಿ ಕೆಲಸಕ್ಕಿದ್ದೆ. ಅವರು ಬೇಡವೆಂದು ಬಿಟ್ಟ ಕಂಪ್ಯೂಟರನ್ನು ಮನೆಗೆ ತಂದು, ಅದೇ ಫೋನಿನ ತಂತಿಗೆ ಇಂಟರ್ನೆಟ್ ಹಾಕಿಸಿದ್ದೆ. ಒಳಗೆ ಇಂಟರ್ನೆಟ್ ನಡೆದಿದ್ದರೆ ಹೊರಗಿನ ಕರೆ ಬರುವಂತಿಲ್ಲ. ಪಡಸಾಲೆಯಲ್ಲಿ ಯಾರಾದರೂ ರಿಸೀವರ್ ಎತ್ತಿದರೋ, ಇಂಟರ್ನೆಟ್ ಕಡಿದುಹೋಗುತ್ತಿತ್ತು.

ತಂಗಿಗೆ ಬಳ್ಳಾರಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಅಂದು ಸಂಜೆ ಐದರೊಳಗೆ ಇಂಟರ್ನೆಟ್ಟಿನಲ್ಲೇ ಒಪ್ಪಿಗೆ ಕೊಡಬೇಕು, ಇಲ್ಲವಾದರೆ ಸೀಟು ಬೇರೆಯವರ ಪಾಲು. ಬಸ್ ಸ್ಟ್ಯಾಂಡಿನ ಸೈಬರ್ ಅಂಗಡಿಗೆ ಬೀಗ ಬಿದ್ದಿತ್ತು. ಬಳ್ಳಾರಿಗೆ ಹೋಗೋಣವೆಂದರೆ ಲಾರಿಗಳ ಸಾಲಿನಲ್ಲಿ ಸಿಕ್ಕ ಬಸ್ಸು ಯಾವಾಗ ಮುಟ್ಟೀತೋ ಯಾರು ಬಲ್ಲರು? ಮುಂಜಾನೆಯಿಂದ ಮನೆಯಲ್ಲೇ ಇಂಟರ್ನೆಟ್ ಹಚ್ಚುತ್ತ ಕುಳಿತೆವು. ಪುಟ ಅರ್ಧ ಇಳಿಯುವುದು, ಕಡಿಯುವುದು. ಮತ್ತೆ ಹಚ್ಚುವುದು.

ಮಧ್ಯಾಹ್ನ ಒಮ್ಮೆ ಕಡಿದಾಗ ಎದ್ದು ನೋಡಿದರೆ, ಎದುರು ಮನೆಯ ಚಾಚಿ ರಿಸೀವರ್ ಕಿವಿಗಿಟ್ಟು ನಿಂತಿದ್ದರು.

"ಒಳಗ ಏನೋ ಚಿರ್ ಅಂತೈತಲ್ಲಪಾ, ಕೆಟ್ಟೈತೇನು?"

ಅವರ ಗಂಡ ಚಾಚಾ ಬಂದರಿಗೆ ಅದಿರು ಒಯ್ಯುವ ಲಾರಿಯ ಡ್ರೈವರ್. ಘಟ್ಟದಲ್ಲಿ ನಮ್ಮ ಕಡೆಯ ಲಾರಿಯೊಂದು ಉರುಳಿದೆಯೆಂದು ಯಾರೋ ಸುದ್ದಿ ತಂದಿದ್ದರು. ಚಾಚಾನ ಫೋನು ಬಂದಿರಲಿಲ್ಲ. ತಂಗಿಯ ಸೀಟಿನ ವಿಷಯ ಹೇಳಿದೆ. ಚಾಚಿ ಕೂಡಲೇ ರಿಸೀವರ್ ಇಟ್ಟು, ಮಾಡ್ಕೋಪಾ ಅಂದು, ಫೋನಿನ ಕೆಳಗೆ ಗೋಡೆಗೊರಗಿ ಕುಳಿತರು. ಅವ್ವ ಕೊಟ್ಟ ಚಹಾ ಆರಿ ಕೆನೆಗಟ್ಟಿತು. ತಂಗಿ ಕುಳಿತಲ್ಲಿಂದ ಅವರ ಮುಖ ನೇರ ಕಾಣುತ್ತಿತ್ತು.

ನಾಲ್ಕು ದಾಟಿದ ಮೇಲೆ ಪಾಸ್‌ವರ್ಡ್ ಒಪ್ಪಿತು. ಕೊನೆಯ ಪುಟ ಮೆಲ್ಲಗೆ ಇಳಿಯತೊಡಗಿತು. ಆಗ ತಂಗಿ ಎದ್ದು ತಂತಿ ಕಿತ್ತಳು.

"ಲೇ, ಇನ್ನ ಒಂದೇ ಪುಟ ಇತ್ತಲ್ಲ."

"ನಾವು ಇದನ್ನ ಹಚ್ಚಿ ಕುಂತ್ರ, ಚಾಚಾ ಯಾವ ಫೋನಿಗೆ ಹಚ್ಚಬೇಕಣ್ಣ?"

ತುಸು ಹೊತ್ತಿಗೆ ಫೋನು ಬಂತು. ಚಾಚಿಗೆ ಕೈ ಏಳಲಿಲ್ಲ, ಅವ್ವ ಎತ್ತಿದಳು. ಚಾಚಾನೇ. ಮುಂಜಾನೆಯಿಂದ ಹಚ್ಚಿದರೂ ಬರೇ ಎಂಗೇಜ್, ಓಣಿಯವರೆಲ್ಲ ಸೇರಿ ಯಾರ ಜೊತೆ ಮಾತಾಡುತ್ತಿದ್ದಿರಿ ಎಂದು ನಗೆಯಾಡಿದರಂತೆ. ಚಾಚಿ ರಿಸೀವರ್ ಇಸಿದುಕೊಂಡು, "ಅದೀರಲ್ಲ, ಬರ್ರಿ ಮನಿಗೆ, ಐತಿ ನಿಮಗ" ಅಂದವರೇ ಸೆರಗು ಬಾಯಿಗಿಟ್ಟು ಅತ್ತರು.

ಅವರು ಹೋದ ಮೇಲೆ ಮತ್ತೆ ಹಚ್ಚಿದೆವು. ಪುಟ ಪೂರ್ತಿ ಇಳಿದಾಗ ಐದು ದಾಟಿತ್ತು. ಸಮಯ ಮುಗಿದಿದೆ ಎಂದಷ್ಟೇ ಬರೆದಿತ್ತು. ತಂಗಿ ಕಂಪ್ಯೂಟರ್ ಆರಿಸಿ, ಕೆಂಧೂಳು ಬೀಳದಂತೆ ಹೊದಿಸುವ ಅವ್ವನ ಹಳೆಯ ಸೀರೆಯನ್ನು ಅದರ ಮೇಲೆ ಎಳೆದಳು.

ಸೀಟು ಹೋದದ್ದು ಚಾಚಿಗೆ ಅವ್ವನಿಂದ ತಿಳಿಯಿತು. ಅಂದಿನಿಂದ ಅವರು ಹೊಸ್ತಿಲ ಹೊರಗೇ ನಿಂತು, "ಇಂಟರ್ನೆಟ್ ನಡದೈತೇನವ್ವ?" ಎಂದು ಕೇಳುವರು. ಅವರನ್ನು ನೋಡಿ ಓಣಿಯವರೆಲ್ಲ ಹಾಗೇ ನಿಲ್ಲತೊಡಗಿದರು. ಅವ್ವನಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

"ಇಲ್ಲ ಚಾಚಿ, ಬರ್ರಿ ಒಳಗ" ಎಂದು ತಂಗಿ ಒಳಗಿನಿಂದ ಕೂಗುತ್ತಿದ್ದಳು. ಎಷ್ಟೋ ಸಲ ಅದು ನಡೆದೇ ಇರುತ್ತಿತ್ತು. ಕೂಗುತ್ತಲೇ ತಂತಿ ಕೀಳುತ್ತಿದ್ದಳು.